ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ಭಾಗದ ಕೈತೋಟಗಳಿಗೆ ಸಸ್ಯಗಳ ಆಯ್ಕೆ: ನಾಗರಿಕರಿಗೆ ಮಾಹಿತಿ

ಮನೆಯ ಅಂಗಳ, ಹಿತ್ತಲು, ಶಾಲಾ ಆವರಣ ಹಾಗೂ ಹೊಲದ ಬದುಗಳಲ್ಲಿ ನೆಡುವುದಕ್ಕಾಗಿ ಪ್ರತಿ ವರ್ಷ ಮುಂಗಾರಿನ ಆರಂಭದಲ್ಲಿ ಸಾರ್ವಜನಿಕರು ಸಸಿಗಳಿಗೆ ಬೇಡಿಕೆ ಸಲ್ಲಿಸುತ್ತಾರೆ. ನೆಟ್ಟ ಸಸಿಗಳೆಲ್ಲವೂ ಬದುಕುವುದಿಲ್ಲ. ಸಸಿ ಸತ್ತಾಗ ಸಾಮಾನ್ಯವಾಗಿ ಬಿಸಿಲನ್ನು ದೂರಲಾಗುತ್ತದೆ. ಆದರೆ ಈ ಭಾಗದಲ್ಲಿ ಸಸಿಗಳ ಸಾವಿಗೆ ಬಿಸಿಲಿನಷ್ಟೇ ಮುಖ್ಯವಾದ ಇನ್ನೊಂದು ಕಾರಣವಿದ್ದು, ಅದು ಬೇರಿನ ಬಳಿ ನಿಲ್ಲುವ ನೀರು ಹಾಗೂ ಆ ನೀರಿನೊಡನೆ ಮೇಲೇರುವ ಉಪ್ಪು. ಆದುದರಿಂದ ಬೇಡಿಕೆ ಪತ್ರದಲ್ಲಿ ಸಸಿಯ ಹೆಸರನ್ನು ನಮೂದಿಸುವ ಮುನ್ನ ತಮ್ಮ ನೆಲ ಮತ್ತು ನೀರಿನ ಗುಣವನ್ನು ತಿಳಿದುಕೊಳ್ಳುವುದು ಅತ್ಯವಶ್ಯ. ಈ ಪರಿಶೀಲನೆಯನ್ನು ನಾಗರಿಕರು ಸ್ವತಃ ಮಾಡುವ ಬಗೆ, ಅದಕ್ಕೆ ತಕ್ಕ ಸಸ್ಯಗಳು ಮತ್ತು ಸಸಿಗಳನ್ನು ಪಡೆಯುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

1. ಈ ಭಾಗದ ಹವಾಗುಣ

ರಾಯಚೂರು ಜಿಲ್ಲೆಯು ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ ನದಿಗಳ ನಡುವಿನ ಬಯಲು ಪ್ರದೇಶವಾಗಿದೆ. ವಾರ್ಷಿಕ ಸರಾಸರಿ ಮಳೆ ಸುಮಾರು 600ರಿಂದ 700 ಮಿಲಿಮೀಟರ್. ಇದರ ಬಹುಭಾಗ ಜೂನ್‌ನಿಂದ ಅಕ್ಟೋಬರ್‌ವರೆಗೆ ಬೀಳುತ್ತಿದ್ದು, ಸೆಪ್ಟೆಂಬರ್ ತಿಂಗಳಿನಲ್ಲಿ ಮಳೆ ಹೆಚ್ಚು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಚಳಿಗಾಲ ಅಲ್ಪಾವಧಿಯದು, ಒಣದು ಮತ್ತು ಹಿತಕರವಾದದ್ದು, ಹಿಮ ಬೀಳುವುದಿಲ್ಲ.

ತೋಟಗಾರಿಕೆ ಕುರಿತ ಅನೇಕ ಪುಸ್ತಕಗಳು ಮತ್ತು ಅಂತರ್ಜಾಲದ ಬರಹಗಳು ಇಂಗ್ಲೆಂಡಿನಂತಹ, ಚಳಿಗಾಲದಲ್ಲಿ ಶೀತ ಮತ್ತು ಮಳೆ ಎರಡೂ ಇರುವ ನಾಡುಗಳನ್ನು ಉದ್ದೇಶಿಸಿ ಬರೆದವುಗಳಾಗಿವೆ. ಅಲ್ಲಿ ಶಿಫಾರಸು ಮಾಡುವ ಸಸ್ಯಗಳನ್ನು ಇಲ್ಲಿಗೆ ತರುವುದು ಸೂಕ್ತವಲ್ಲ. ಉದಾಹರಣೆಗೆ, ಸೇಬಿನ ಸಾಂಪ್ರದಾಯಿಕ ತಳಿಗಳು ಹೂ ಬಿಡಬೇಕಾದರೆ ಚಳಿಗಾಲದಲ್ಲಿ ಸುಮಾರು 7 ಡಿಗ್ರಿಗಿಂತ ಕಡಿಮೆ ಉಷ್ಣಾಂಶದಲ್ಲಿ ನೂರಾರು ಗಂಟೆಗಳನ್ನು ಕಳೆಯಬೇಕು. ರಾಯಚೂರಿನಲ್ಲಿ ಅಂತಹ ಚಳಿ ದೊರೆಯುವುದಿಲ್ಲ. ಆದರೆ ಆ ನಾಡುಗಳ ತೋಟಗಾರರು ಅನುಸರಿಸುವ ಒಂದು ನಿಯಮ ಇಲ್ಲಿಗೂ ಅನ್ವಯಿಸುತ್ತದೆ. ಸಸ್ಯವು ಎಷ್ಟು ಚಳಿಯನ್ನು ತಡೆಯುತ್ತದೆ ಎಂಬುದರ ಜೊತೆಗೆ ಅದರ ಬೇರು ಎಷ್ಟು ಕಾಲ ನೆನೆದ ಮಣ್ಣಿನಲ್ಲಿ ಬದುಕಬಲ್ಲದು ಎಂಬುದನ್ನೂ ಅವರು ನೋಡುತ್ತಾರೆ. ರಾಯಚೂರು ಭಾಗದಲ್ಲಿ ಚಳಿಯ ಬದಲಿಗೆ ಬಿಸಿಲು ಎಂದು ಓದಿಕೊಂಡರೆ ಎರಡನೆಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

2. ಮಣ್ಣಿನ ವಿಧಗಳು

ಈ ಭಾಗದಲ್ಲಿ ಮುಖ್ಯವಾಗಿ ಎರಡು ವಿಧದ ಮಣ್ಣು ಕಂಡುಬರುತ್ತದೆ.

ಅ) ಮಸಾರಿ ಅಥವಾ ಕೆಂಪು ಮಣ್ಣು: ಮರಳು ಮತ್ತು ಗರಸಿನ ಅಂಶ ಹೆಚ್ಚು. ನೀರು ಬೇಗನೆ ಬಸಿದುಹೋಗುತ್ತದೆ. ಇಲ್ಲಿ ಬೇರು ಕೊಳೆಯುವ ಭಯ ಕಡಿಮೆ. ಆದರೆ ಬೇಸಿಗೆಯಲ್ಲಿ ತೇವಾಂಶ ಉಳಿಯುವುದಿಲ್ಲ.

ಆ) ಎರೆ ಅಥವಾ ಕಪ್ಪು ಮಣ್ಣು: ಜಿಗುಟು ಅಂಶ ಹೆಚ್ಚು. ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಈ ಬಿರುಕುಗಳು ಎಳೆಯ ಬೇರುಗಳನ್ನು ಹರಿಯುತ್ತವೆ. ಮಳೆಗಾಲದಲ್ಲಿ ಇದೇ ಮಣ್ಣು ನೀರನ್ನು ಕೆಳಕ್ಕೆ ಬಿಡದೆ ಹಿಡಿದಿಡುತ್ತದೆ. ಸುಣ್ಣದ ಅಂಶ ಹೆಚ್ಚಿರುವ ಎರೆ ಮಣ್ಣಿನಲ್ಲಿ ಕಬ್ಬಿಣದ ಅಂಶವು ಸಸ್ಯಕ್ಕೆ ದೊರೆಯದೆ, ಎಳೆಯ ಎಲೆಗಳು ನರಗಳನ್ನು ಬಿಟ್ಟು ಹಳದಿಯಾಗುತ್ತವೆ.

ನೀರಾವರಿ ಪ್ರದೇಶಗಳಲ್ಲಿ ಇವುಗಳ ಜೊತೆಗೆ ಸವಳು-ಜವಳಿನ ಸಮಸ್ಯೆಯೂ ಇದೆ. ಮಾನ್ವಿ ಭಾಗಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯಿಂದ, ದೇವದುರ್ಗ ಭಾಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯಿಂದ ನೀರು ಹರಿಯುತ್ತದೆ. ಬಸಿಗಾಲುವೆ ಇಲ್ಲದ ಎರೆ ಭೂಮಿಗೆ ವರ್ಷದ ಬಹುಕಾಲ ನೀರು ನಿಲ್ಲಿಸಿದಾಗ, ವಿಶೇಷವಾಗಿ ಭತ್ತದ ಗದ್ದೆಗಳ ಸುತ್ತಲಿನ ಪ್ರದೇಶದಲ್ಲಿ, ಅಂತರ್ಜಲವು ಮೇಲೇರುತ್ತದೆ. ನೆಲದ ಮೇಲ್ಮೈಗೆ ಬಂದ ನೀರು ಆವಿಯಾಗಿ, ಅದರಲ್ಲಿ ಕರಗಿದ್ದ ಉಪ್ಪು ಬಿಳಿಯ ಪೊರೆಯಾಗಿ ಉಳಿಯುತ್ತದೆ. ಗದ್ದೆಗಳಿಗೆ ಹೊಂದಿಕೊಂಡಿರುವ ಮನೆಗಳ ಹಿತ್ತಲಿಗೂ ಇದು ವ್ಯಾಪಿಸಬಹುದು.

3. ನೆನೆದ ಮಣ್ಣಿನಲ್ಲಿ ಬಾಡುವ ಸಸಿ

ಬೇರುಗಳಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ನೀರು ತುಂಬಿದಾಗ ಗಾಳಿ ಹೊರದೂಡಲ್ಪಟ್ಟು ಬೇರುಗಳು ಉಸಿರುಕಟ್ಟಿ ಸಾಯತೊಡಗುತ್ತವೆ. ಸತ್ತ ಬೇರು ನೀರನ್ನು ಹೀರಲಾರದು. ಹೀಗಾಗಿ ಮಣ್ಣು ಒದ್ದೆಯಾಗಿದ್ದರೂ ಎಲೆಗಳು ಬಾಡಿ ಜೋತುಬೀಳುತ್ತವೆ. ಇದನ್ನು ಕಂಡವರು ಸಸಿಗೆ ಬಾಯಾರಿಕೆಯಾಗಿದೆಯೆಂದು ಭಾವಿಸಿ ಮತ್ತಷ್ಟು ನೀರು ಹಾಕುತ್ತಾರೆ. ಉಳಿದ ಬೇರುಗಳೂ ಕೊಳೆಯುತ್ತವೆ.

ಉಪ್ಪಿನ ಪರಿಣಾಮವೂ ಬಾಯಾರಿಕೆಯಂತೆಯೇ ತೋರುತ್ತದೆ. ಮಣ್ಣಿನ ನೀರಿನಲ್ಲಿ ಉಪ್ಪು ಹೆಚ್ಚಾದಾಗ ಬೇರು ಆ ನೀರನ್ನು ಎಳೆದುಕೊಳ್ಳಲು ಅಸಮರ್ಥವಾಗುತ್ತದೆ. ಎಲೆಯ ತುದಿ ಮತ್ತು ಅಂಚುಗಳು ಸುಟ್ಟಂತೆ ಕಂದುಬಣ್ಣಕ್ಕೆ ತಿರುಗುತ್ತವೆ.

ಆದ್ದರಿಂದ ಬಾಡಿದ ಸಸಿಗೆ ನೀರು ಹಾಕುವ ಮುನ್ನ ಬುಡದಿಂದ ಸ್ವಲ್ಪ ದೂರದಲ್ಲಿ ಗೇಣುದ್ದ ಆಳದ ಮಣ್ಣನ್ನು ತೆಗೆದು ಮುಷ್ಟಿಯಲ್ಲಿ ಹಿಸುಕಿ ನೋಡತಕ್ಕದ್ದು. ಮಣ್ಣು ಉಂಡೆಯಾಗಿ ಕೈಗೆ ಅಂಟಿದರೆ ನೀರು ಹಾಕಬಾರದು. ಪುಡಿಯಾಗಿ ಉದುರಿದರೆ ಮಾತ್ರ ನೀರು ಹಾಕಬೇಕು.

4. ಸಸಿಗೆ ಬೇಡಿಕೆ ಸಲ್ಲಿಸುವ ಮುನ್ನ ಮಾಡಬೇಕಾದ ಮೂರು ಪರೀಕ್ಷೆಗಳು

1) ಬಸಿಯುವಿಕೆ ಪರೀಕ್ಷೆ: ನೆಡುವ ಜಾಗದಲ್ಲಿ ಒಂದು ಅಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ ತೆಗೆದು ನೀರು ತುಂಬಬೇಕು. ಅದು ಇಂಗಿದ ನಂತರ ಎರಡನೆಯ ಬಾರಿ ತುಂಬಿ, ಮಾರನೆಯ ದಿನ ಅದೇ ಹೊತ್ತಿಗೆ ನೋಡಬೇಕು. ನೀರು ಪೂರ್ಣ ಇಂಗಿದ್ದರೆ ಬಹುತೇಕ ಸಸ್ಯಗಳಿಗೆ ನೆಲ ಯೋಗ್ಯ. ಒಂದು ದಿನ ಕಳೆದರೂ ನೀರು ಉಳಿದಿದ್ದರೆ ಜವಳು ಸಹಿಸುವ ಸಸ್ಯಗಳನ್ನು ಆರಿಸಬೇಕು ಅಥವಾ ಏರು ಮಡಿ ಮಾಡಬೇಕು.

2) ಅಂತರ್ಜಲ ಪರೀಕ್ಷೆ: ಕಾಲುವೆ ಅಥವಾ ಗದ್ದೆಗೆ ಹತ್ತಿರವಿರುವವರು ಕಾಲುವೆಯಲ್ಲಿ ನೀರು ಹರಿಯುವ ಕಾಲದಲ್ಲಿ ಮೂರು ಅಡಿ ಆಳದ ಗುಂಡಿ ತೆಗೆದು ನೋಡಬೇಕು. ನೀರು ಹಾಕದಿದ್ದರೂ ಗುಂಡಿಯಲ್ಲಿ ನೀರು ಊರಿದರೆ ಅಲ್ಲಿ ಆಳಕ್ಕೆ ಬೇರು ಬಿಡುವ ಹಣ್ಣಿನ ಗಿಡಗಳು ಉಳಿಯುವುದು ಕಷ್ಟ. ಮಕ್ಕಳು ಮತ್ತು ಜಾನುವಾರು ಬೀಳದಂತೆ ಗುಂಡಿಯನ್ನು ಪರೀಕ್ಷೆಯ ನಂತರ ಮುಚ್ಚತಕ್ಕದ್ದು.

3) ಉಪ್ಪಿನ ಪರೀಕ್ಷೆ: ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಪೊರೆ ಕಾಣುವುದು ಹಾಗೂ ಕೊಳವೆ ಬಾವಿಯ ನೀರು ಬಾಯಿಗೆ ಉಪ್ಪೆನಿಸುವುದು ಸವಳಿನ ಲಕ್ಷಣಗಳು. ಹೀಗಿದ್ದಲ್ಲಿ ಮಣ್ಣು ಮತ್ತು ನೀರಿನ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಳ್ಳಬೇಕು. ಮಣ್ಣಿನ ವಿದ್ಯುತ್ ವಾಹಕತೆಯು 4 ಡೆಸಿಸೀಮನ್‌ಗಿಂತ ಹೆಚ್ಚಿದ್ದರೆ ಅದನ್ನು ಸವಳು ಮಣ್ಣು ಎಂದೂ, ರಸಸಾರ 8.5ಕ್ಕಿಂತ ಹೆಚ್ಚಿದ್ದು ಸೋಡಿಯಂ ಅಂಶ ಅಧಿಕವಿದ್ದರೆ ಕ್ಷಾರ ಮಣ್ಣು ಎಂದೂ ಪರಿಗಣಿಸಲಾಗುತ್ತದೆ. ಎರಡಕ್ಕೂ ಪರಿಹಾರ ಬೇರೆ ಬೇರೆ. ಕ್ಷಾರ ಮಣ್ಣಿಗೆ ಜಿಪ್ಸಂ ಉಪಯುಕ್ತ. ಸವಳು ಮಣ್ಣಿಗೆ ಸಿಹಿನೀರು ಹಾಯಿಸಿ ಉಪ್ಪನ್ನು ಬಸಿದು ಹೊರಹಾಕುವುದೇ ಪರಿಹಾರ. ಆದುದರಿಂದ ಪರೀಕ್ಷೆ ಮಾಡಿಸದೆ ಜಿಪ್ಸಂ ಹಾಕುವುದು ವ್ಯರ್ಥ ವೆಚ್ಚವಾಗಬಹುದು.

5. ನೆಲಕ್ಕೆ ತಕ್ಕ ಸಸ್ಯಗಳು

ಅ) ನೀರು ಬಸಿಯುವ ಮಸಾರಿ ಮತ್ತು ಗರಸು ನೆಲ: ಸೀತಾಫಲ, ಬೋರೆ, ಹುಣಸೆ, ಬೇವು, ಬೆಟ್ಟದ ನೆಲ್ಲಿ, ದಾಳಿಂಬೆ, ನಿಂಬೆ, ನುಗ್ಗೆ, ಕರಿಬೇವು. ನೀರಿನ ಅನುಕೂಲವಿದ್ದಲ್ಲಿ ಮಾವು ಮತ್ತು ಪೇರಲ. ಇವುಗಳಲ್ಲಿ ಸೀತಾಫಲ ಮತ್ತು ಬೋರೆ ಬೇರೂರಿದ ನಂತರ ಬಹಳ ಕಡಿಮೆ ನೀರಿನಲ್ಲಿ ಬದುಕುತ್ತವೆ.

ಆ) ಉಪ್ಪಿಲ್ಲದ, ಆದರೆ ನೀರು ನಿಧಾನವಾಗಿ ಬಸಿಯುವ ಎರೆ ನೆಲ: ಬೇವು, ಹೊಂಗೆ, ಬೋರೆ, ಪೇರಲ, ಸಪೋಟ. ಕರಿಬೇವು, ನುಗ್ಗೆ ಮತ್ತು ನಿಂಬೆಯನ್ನು ಏರು ಮಡಿಯ ಮೇಲೆ ಮಾತ್ರ ನೆಡಬೇಕು.

ಇ) ಸವಳು-ಜವಳು ನೆಲ: ಹೊಂಗೆ, ನೇರಳೆ ಮತ್ತು ಬಿಳಿಮತ್ತಿ. ಬಿಳಿಮತ್ತಿಯು ಸ್ವಭಾವತಃ ಹಳ್ಳ ಮತ್ತು ನದಿಗಳ ದಂಡೆಯಲ್ಲಿ ಬೆಳೆಯುವ ಮರವಾದ್ದರಿಂದ ನೆನೆದ ನೆಲವನ್ನು ಸಹಿಸುತ್ತದೆ. ನೇರಳೆ ಮತ್ತು ಬಿಳಿಮತ್ತಿ ದೊಡ್ಡ ಮರಗಳಾಗುವುದರಿಂದ ಅವು ಹೊಲದ ಬದು, ಶಾಲಾ ಆವರಣ ಮತ್ತು ಕೆರೆ ದಂಡೆಗೆ ಸೂಕ್ತ. ಚಿಕ್ಕ ನಿವೇಶನಕ್ಕೆ ಸೂಕ್ತವಲ್ಲ. ಜವಳಿಲ್ಲದೆ ಉಪ್ಪು ಮಾತ್ರ ಇರುವಲ್ಲಿ ಬೋರೆ, ಸಪೋಟ ಮತ್ತು ತೆಂಗು ಬೆಳೆಯಬಹುದು. ತೆಂಗಿಗೆ ಬೇಸಿಗೆಯಲ್ಲಿಯೂ ನೀರಿನ ಅನುಕೂಲವಿರಬೇಕು.

ಈ) ಹೂವಿನ ಗಿಡಗಳು: ಕಾಗದದ ಹೂವು, ಕಣಗಿಲೆ, ನಿತ್ಯಪುಷ್ಪ, ನಂದಿಬಟ್ಟಲು ಮತ್ತು ದಾಸವಾಳ ಈ ಬಿಸಿಲಿಗೆ ಒಗ್ಗುತ್ತವೆ. ಕಾಗದದ ಹೂವಿಗೆ ನೀರು ಹೆಚ್ಚಾದರೆ ಎಲೆ ಹೆಚ್ಚಿ ಹೂ ಕಡಿಮೆಯಾಗುತ್ತದೆ. ಕಣಗಿಲೆಯ ಎಲ್ಲ ಭಾಗಗಳೂ ವಿಷಕಾರಿಯಾದ್ದರಿಂದ ಚಿಕ್ಕ ಮಕ್ಕಳು, ದನ ಮತ್ತು ಆಡುಗಳಿರುವ ಮನೆಗಳಲ್ಲಿ ಅದನ್ನು ನೆಡದಿರುವುದು ಕ್ಷೇಮ. ದುಂಡುಮಲ್ಲಿಗೆ ಮತ್ತು ಗುಲಾಬಿಯನ್ನು ನೀರು ನಿಲ್ಲದ ಜಾಗದಲ್ಲಿ ಮಾತ್ರ ಬೆಳೆಸಬೇಕು. ಗುಲಾಬಿಗೆ ಉಪ್ಪು ನೀರು ಆಗದು.

ಉ) ಚಳಿಗಾಲದ ಸದುಪಯೋಗ: ಅಕ್ಟೋಬರ್ ಅಂತ್ಯದಿಂದ ಫೆಬ್ರವರಿವರೆಗಿನ ಅವಧಿಯು ಈ ಭಾಗದ ಕೈತೋಟಕ್ಕೆ ಅತ್ಯಂತ ಅನುಕೂಲಕರ. ಚೆಂಡು ಹೂ, ಮೆಂತ್ಯ, ಕೊತ್ತಂಬರಿ, ಪಾಲಕ, ಮೂಲಂಗಿ, ಟೊಮೆಟೊ ಮತ್ತು ಬದನೆಯನ್ನು ಈ ಅವಧಿಯಲ್ಲಿ ಬೆಳೆಯಬಹುದು. ಸೇವಂತಿಗೆಗೆ ಹಗಲು ಕಿರಿದಾದಾಗ ಮೊಗ್ಗು ಬರುವುದರಿಂದ ಅದನ್ನು ಮಳೆಗಾಲದಲ್ಲಿಯೇ ನೆಟ್ಟಿರಬೇಕು. ಸ್ವಲ್ಪ ಉಪ್ಪಿರುವ ಹಿತ್ತಲಿನಲ್ಲಿ ಪಾಲಕ ಮತ್ತು ಬೀಟ್‌ರೂಟ್ ಬರುತ್ತವೆ, ಹುರುಳಿಕಾಯಿ ಬರುವುದಿಲ್ಲ.

6. ಸ್ಥಳವಾರು ಗಮನಿಸಬೇಕಾದ ಅಂಶಗಳು

ರಾಯಚೂರು ನಗರ: ನಗರದ ನಿವೇಶನಗಳು ಚಿಕ್ಕವು. ಕಾಂಕ್ರೀಟು ಗೋಡೆ ಮತ್ತು ಬಂಡೆಯ ನೆಲವು ಹಗಲಿನ ಶಾಖವನ್ನು ರಾತ್ರಿಯೂ ಹೊರಸೂಸುತ್ತದೆ. ಮನೆಯ ಪಶ್ಚಿಮ ದಿಕ್ಕಿನಲ್ಲಿ ಜಾಗವಿದ್ದರೆ ನೆರಳಿಗಾಗಿ ಬೇವು ಅಥವಾ ಹೊಂಗೆಯನ್ನು ಗೋಡೆಯಿಂದ ಕನಿಷ್ಠ 15ರಿಂದ 20 ಅಡಿ ದೂರದಲ್ಲಿ ನೆಡಬಹುದು. ಅಷ್ಟು ಜಾಗವಿಲ್ಲದವರು ಕರಿಬೇವು, ದಾಳಿಂಬೆ, ನಂದಿಬಟ್ಟಲು, ದಾಸವಾಳಗಳಿಗೆ ಸೀಮಿತಗೊಳಿಸಿಕೊಳ್ಳಬೇಕು. ಹಲವು ನಿವೇಶನಗಳಲ್ಲಿ ಕಟ್ಟಡದ ಅವಶೇಷ ಮತ್ತು ಹೊರಗಿನ ಮಣ್ಣು ತುಂಬಿರುವುದರಿಂದ ಅಕ್ಕಪಕ್ಕದ ಎರಡು ಅಂಗಳಗಳ ಮಣ್ಣು ಒಂದೇ ಆಗಿರುವುದಿಲ್ಲ. ನೆರೆಮನೆಯ ಗಿಡವನ್ನು ನೋಡಿ ನಿರ್ಧರಿಸದೆ ತಮ್ಮ ಜಾಗದಲ್ಲಿಯೇ ಗುಂಡಿ ಪರೀಕ್ಷೆ ಮಾಡಬೇಕು.

ದೇವದುರ್ಗ: ಈ ಭಾಗದಲ್ಲಿ ಮಸಾರಿ ಮತ್ತು ಎರೆ ಎರಡೂ ಇವೆ. ಮಸಾರಿಗೆ ಸೀತಾಫಲ, ಹುಣಸೆ, ಬೋರೆ ಉತ್ತಮ ಆಯ್ಕೆ. ಕಾಲುವೆಯ ಕೆಳಗಿನ ಎರೆ ಭೂಮಿಯಲ್ಲಿ ಎರಡನೆಯ ಪರೀಕ್ಷೆಯನ್ನು ತಪ್ಪದೆ ಮಾಡಬೇಕು. ಒಣಭೂಮಿಯಾಗಿದ್ದಾಗ ಚೆನ್ನಾಗಿ ಬಂದ ಗಿಡವು ನೀರಾವರಿ ಬಂದ ನಂತರವೂ ಹಾಗೆಯೇ ಬರುತ್ತದೆಂದು ಭಾವಿಸಬಾರದು.

ಮಾನ್ವಿ: ಗದ್ದೆಗಳ ಅಂಚಿನ ಊರುಗಳಲ್ಲಿ ಜವಳು ಮುಖ್ಯ ಸಮಸ್ಯೆ. ಹಿತ್ತಲಿನಲ್ಲಿ ಒಂದೂವರೆ ಅಡಿ ಎತ್ತರದ ಏರು ಮಡಿ ಮಾಡಿ ಗಿಡ ನೆಡುವುದು ಮತ್ತು ಮಡಿಯ ಸುತ್ತ ನೀರು ಹೊರಹೋಗಲು ಕಿರುಗಾಲುವೆ ತೆಗೆಯುವುದು ಅವಶ್ಯ. ಕಾಲುವೆ ನೀರನ್ನೇ ನಂಬಿ ಹೆಚ್ಚು ನೀರು ಬೇಡುವ ಗಿಡಗಳನ್ನು ಆರಿಸುವುದೂ ಸೂಕ್ತವಲ್ಲ. ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸಲಾಗುತ್ತದೆ. 2024ರ ಆಗಸ್ಟ್ ತಿಂಗಳಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಗಿ ಸಂಗ್ರಹವಾಗಿದ್ದ ಅಪಾರ ನೀರು ನದಿಗೆ ಹರಿದುಹೋದದ್ದನ್ನು ಇಲ್ಲಿ ಸ್ಮರಿಸಬಹುದು. ಇದಕ್ಕೆ ವ್ಯತಿರಿಕ್ತವಾಗಿ 2009ರ ಸೆಪ್ಟೆಂಬರ್ ಅಂತ್ಯ ಮತ್ತು ಅಕ್ಟೋಬರ್ ಆರಂಭದಲ್ಲಿ ಜಿಲ್ಲೆಯು ಅತಿವೃಷ್ಟಿ ಹಾಗೂ ಪ್ರವಾಹಕ್ಕೆ ತುತ್ತಾಗಿತ್ತು. ನೀರಿನ ಕೊರತೆ ಮತ್ತು ನೀರಿನ ಆಧಿಕ್ಯ ಎರಡನ್ನೂ ತಾಳುವ ಹೊಂಗೆಯಂತಹ ಸಸ್ಯಗಳಿಗೆ ಇಲ್ಲಿ ಆದ್ಯತೆ ನೀಡುವುದು ಸೂಕ್ತ.

7. ಆಯ್ಕೆ ಮಾಡಬಾರದ ಸಸ್ಯಗಳು

* ಅಡಿಕೆ, ಏಲಕ್ಕಿ, ಕಾಳುಮೆಣಸು, ಕಾಫಿ: ಇವು ಮಲೆನಾಡಿನ ನೆರಳು ಮತ್ತು ಆರ್ದ್ರತೆಯನ್ನು ಬಯಸುತ್ತವೆ.
* ಪಪ್ಪಾಯಿ: ನೀರು ಬಸಿಯದ ನೆಲಕ್ಕೆ ಸಲ್ಲದು. ಬುಡದಲ್ಲಿ ಎರಡು ದಿನ ನೀರು ನಿಂತರೂ ಗಿಡ ಸಾಯಬಹುದು.
* ಬಳ್ಳಾರಿ ಜಾಲಿ: ಬೇಲಿಗೆಂದು ನೆಟ್ಟರೂ ಬೀಜದಿಂದ ಹರಡಿ ಅಕ್ಕಪಕ್ಕದ ಜಮೀನನ್ನು ಆಕ್ರಮಿಸುತ್ತದೆ.
* ಕೊನೊಕಾರ್ಪಸ್: ಬೇಗ ಹಸಿರಾಗುತ್ತದೆ ಎಂಬ ಕಾರಣಕ್ಕೆ ಖಾಸಗಿ ನರ್ಸರಿಗಳಲ್ಲಿ ಮಾರಾಟವಾಗುತ್ತದೆ. ಇದರ ಬೇರು ಮತ್ತು ಪರಾಗದಿಂದಾಗುವ ತೊಂದರೆಗಳನ್ನು ಪರಿಗಣಿಸಿ ಗುಜರಾತ್ ಸರ್ಕಾರವು 2023ರಲ್ಲಿ ಇದನ್ನು ನೆಡುವುದನ್ನು ನಿಷೇಧಿಸಿದೆ.

8. ಸಸಿಯನ್ನು ಪಡೆಯುವಾಗ ಮತ್ತು ನೆಡುವಾಗ

ಎತ್ತರದ ಸಸಿಯೇ ಒಳ್ಳೆಯದೆಂಬ ಭಾವನೆ ಸರಿಯಲ್ಲ. ಚಿಕ್ಕ ಚೀಲದಲ್ಲಿ ಬಹುಕಾಲ ಉಳಿದ ಸಸಿಯ ಬೇರುಗಳು ಸುರುಳಿಯಾಗಿ ಸುತ್ತಿಕೊಂಡಿರುತ್ತವೆ. ಅಂತಹ ಗಿಡ ನೆಲದಲ್ಲಿ ಬೇರು ಹರಡಲಾರದು. ಕಾಂಡ ಗಟ್ಟಿಯಾಗಿದ್ದು, ಚೀಲದ ಗಾತ್ರಕ್ಕೆ ತಕ್ಕ ಎತ್ತರವಿರುವ ಸಸಿಯನ್ನು ಆರಿಸಬೇಕು. ಕಸಿ ಗಿಡವಾದಲ್ಲಿ ಕಸಿಯ ಸಂಧಿಯು ಗಟ್ಟಿಯಾಗಿ ಕೂಡಿರಬೇಕು ಮತ್ತು ನೆಡುವಾಗ ಅದು ಮಣ್ಣಿನಿಂದ ಮೇಲಿರಬೇಕು. ನೆರಳು ಪರದೆಯ ಕೆಳಗೆ ಬೆಳೆದ ಸಸಿಯನ್ನು ತಂದ ದಿನವೇ ಬಿಸಿಲಿಗೆ ನೆಡದೆ, ಹತ್ತರಿಂದ ಹದಿನೈದು ದಿನ ಕ್ರಮೇಣ ಬಿಸಿಲಿಗೆ ಒಗ್ಗಿಸಬೇಕು.

ನೀರು ಬಸಿಯುವ ನೆಲದಲ್ಲಿ ಜೂನ್-ಜುಲೈ ತಿಂಗಳಿನಲ್ಲಿ ಹದವಾದ ಮಳೆ ಬಿದ್ದ ನಂತರ ನೆಡಬೇಕು. ಮಳೆಗಾಲದಲ್ಲಿ ನೀರು ನಿಲ್ಲುವ ನೆಲದಲ್ಲಿ ಅಕ್ಟೋಬರ್ ಅಂತ್ಯ ಅಥವಾ ನವೆಂಬರ್‌ನಲ್ಲಿ ನೆಟ್ಟು ಮೊದಲ ಬೇಸಿಗೆಯಲ್ಲಿ ಹೆಚ್ಚಿನ ನಿಗಾ ವಹಿಸಬೇಕು. ಎರೆ ಮಣ್ಣಿನಲ್ಲಿ ಆಳದ ಗುಂಡಿ ತೆಗೆದು ಮರಳು ತುಂಬಿ ನೆಡುವ ರೂಢಿಯನ್ನು ಕೈಬಿಡತಕ್ಕದ್ದು. ಸುತ್ತಲಿನ ಜಿಗುಟು ಮಣ್ಣು ನೀರನ್ನು ಹೊರಬಿಡದ ಕಾರಣ ಅಂತಹ ಗುಂಡಿಯು ಬಟ್ಟಲಿನಂತೆ ನೀರು ತುಂಬಿಕೊಳ್ಳುತ್ತದೆ. ಅದರ ಬದಲು ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣನ್ನು ಏರಿಸಿ ನೆಡುವುದು ಸರಿಯಾದ ಕ್ರಮ.

ಫೆಬ್ರವರಿಯಿಂದ ಬುಡದ ಸುತ್ತ ಜೋಳದ ದಂಟು, ಶೇಂಗಾ ಸಿಪ್ಪೆ ಅಥವಾ ಭತ್ತದ ಹುಲ್ಲನ್ನು ಮೂರು ನಾಲ್ಕು ಬೆರಳು ದಪ್ಪ ಹೊದಿಸಬೇಕು. ಇದರಿಂದ ತೇವಾಂಶ ಉಳಿಯುತ್ತದೆ, ಎರೆ ಮಣ್ಣು ಬಿರಿಯುವುದು ಕಡಿಮೆಯಾಗುತ್ತದೆ ಹಾಗೂ ಉಪ್ಪು ಮೇಲೇರುವುದು ತಗ್ಗುತ್ತದೆ. ಹೊದಿಕೆಯು ಕಾಂಡಕ್ಕೆ ತಾಗಬಾರದು.

9. ಸಸಿಗಳನ್ನು ಪಡೆಯುವ ವಿಧಾನ

* ಹಣ್ಣು ಮತ್ತು ಹೂವಿನ ಗಿಡಗಳಿಗೆ ತೋಟಗಾರಿಕೆ ಇಲಾಖೆಯ ಸಸ್ಯಾಗಾರಗಳನ್ನು ಸಂಪರ್ಕಿಸಬಹುದು. ಲಭ್ಯತೆಯ ವಿವರವನ್ನು ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಛೇರಿಯಲ್ಲಿ ಪಡೆಯಬಹುದು. ನಿಗದಿತ ದರ ಪಾವತಿಸಿ ರಸೀದಿ ಪಡೆಯತಕ್ಕದ್ದು.
* ಬೇವು, ಹೊಂಗೆ, ನೇರಳೆ, ಬಿಳಿಮತ್ತಿ ಮುಂತಾದ ಮರದ ಸಸಿಗಳನ್ನು ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಿಂದ ರಿಯಾಯಿತಿ ದರದಲ್ಲಿ ಪಡೆಯಲು ವಲಯ ಅರಣ್ಯಾಧಿಕಾರಿಗಳ ಕಛೇರಿಗೆ ಬೇಡಿಕೆ ಸಲ್ಲಿಸಬಹುದು.
* ಸ್ವಂತ ಜಮೀನಿನಲ್ಲಿ ಮರ ಬೆಳೆಸುವ ರೈತರು ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಡಿ ನೋಂದಾಯಿಸಿಕೊಳ್ಳಬಹುದು. ಈ ಯೋಜನೆಯಲ್ಲಿ ನೆಟ್ಟ ಸಸಿಗಳಿಗಲ್ಲದೆ, ಬದುಕಿ ಉಳಿದ ಸಸಿಗಳ ಸಂಖ್ಯೆಗೆ ಅನುಗುಣವಾಗಿ ಮೂರು ವರ್ಷಗಳವರೆಗೆ ಪ್ರೋತ್ಸಾಹಧನ ದೊರೆಯುತ್ತದೆ. ನೆಲಕ್ಕೆ ತಕ್ಕ ಜಾತಿಯನ್ನು ಆರಿಸುವುದು ಅರ್ಜಿದಾರರ ಆರ್ಥಿಕ ಹಿತದೃಷ್ಟಿಯಿಂದಲೂ ಮುಖ್ಯ.
* ಅರ್ಜಿಯೊಂದಿಗೆ ಸಾಮಾನ್ಯವಾಗಿ ಪಹಣಿ, ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ ಹಾಗೂ ಭಾವಚಿತ್ರ ಬೇಕಾಗುತ್ತವೆ. ತೋಟಗಾರಿಕೆ ಇಲಾಖೆಯ ಸಹಾಯಧನ ಯೋಜನೆಗಳಿಗೆ ರೈತರ ಫ್ರೂಟ್ಸ್ ಗುರುತಿನ ಸಂಖ್ಯೆಯನ್ನೂ ನೀಡಬೇಕು. ಮನೆಯಂಗಳಕ್ಕೆ ನಾಲ್ಕಾರು ಸಸಿ ಕೊಳ್ಳುವವರಿಗೆ ಪಹಣಿಯ ಅವಶ್ಯಕತೆ ಇರುವುದಿಲ್ಲ.
* ಮಣ್ಣು ಮತ್ತು ನೀರಿನ ಪರೀಕ್ಷೆಯ ಬಗ್ಗೆ ರೈತ ಸಂಪರ್ಕ ಕೇಂದ್ರ ಅಥವಾ ರಾಯಚೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಹಣ್ಣಿನ ಮರಗಳಿಗಾಗಿ ಒಂದು, ಎರಡು ಮತ್ತು ಮೂರು ಅಡಿ ಆಳದ ಮಣ್ಣನ್ನು ಬೇರೆ ಬೇರೆಯಾಗಿ, ತಲಾ ಅರ್ಧ ಕಿಲೋದಷ್ಟು ನೆರಳಿನಲ್ಲಿ ಒಣಗಿಸಿ ಒಯ್ಯಬೇಕು.

10. ವಿಶೇಷ ಸೂಚನೆ

ಒಮ್ಮೆ ಬೆಳೆದ ಮರವನ್ನು ಮನಬಂದಂತೆ ಕಡಿಯಲು ಅವಕಾಶವಿರುವುದಿಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಹೊರತುಪಡಿಸಿ, ಮರ ಕಡಿಯಲು ವೃಕ್ಷಾಧಿಕಾರಿಗಳ ಪೂರ್ವಾನುಮತಿ ಅವಶ್ಯ. ಆದುದರಿಂದ ವಿದ್ಯುತ್ ತಂತಿಯ ಕೆಳಗೆ, ಶೌಚ ಗುಂಡಿ ಮತ್ತು ನೀರಿನ ತೊಟ್ಟಿಯ ಪಕ್ಕದಲ್ಲಿ, ನೆರೆಯವರ ಗೋಡೆಗೆ ಹೊಂದಿಕೊಂಡು ದೊಡ್ಡ ಮರಗಳನ್ನು ನೆಡದಂತೆ ಆರಂಭದಲ್ಲಿಯೇ ಎಚ್ಚರ ವಹಿಸಬೇಕು.

ಗುಂಡಿ ಪರೀಕ್ಷೆಗೆ ತಗಲುವುದು ಎರಡು ಮೂರು ದಿನ ಮತ್ತು ಕೆಲವು ಕೊಡ ನೀರು. ಪರೀಕ್ಷೆಯ ಫಲಿತಾಂಶವನ್ನು ಬೇಡಿಕೆ ಸಲ್ಲಿಸುವಾಗ ಸಂಬಂಧಿಸಿದ ಕಛೇರಿಯ ಸಿಬ್ಬಂದಿಗೆ ತಿಳಿಸಿದಲ್ಲಿ ಸೂಕ್ತ ಸಸಿಯನ್ನು ಸೂಚಿಸಲು ಅನುಕೂಲವಾಗುತ್ತದೆ. ಸಸಿಗಳ ದರ, ಲಭ್ಯತೆ ಮತ್ತು ಯೋಜನೆಗಳ ನಿಯಮಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುವುದರಿಂದ ಅರ್ಜಿ ಸಲ್ಲಿಸುವ ಮುನ್ನ ಆಯಾ ತಾಲ್ಲೂಕು ಕಛೇರಿಯಲ್ಲಿ ವಿಚಾರಿಸಲು ಸಾರ್ವಜನಿಕರಲ್ಲಿ ಕೋರಲಾಗಿದೆ.